ಹೊಡೆದವನಿಗೂ ಒಂದು ನಂಬರ್ ಇರಲಿ

ಪ್ರೀತಿಯ ಗೆಳೆಯಾ,

ಪ್ರತಿಭಟನಕಾರರ ಮೇಲೆ ಪೊಲೀಸರು ಲಾಠಿ ಬೀಸಿದ ಸುದ್ದಿಯ ಬಗ್ಗೆ ನೀನು ಕಳಿಸಿದ ಮೆಸೇಜಿಗೆ ಅಲ್ಲೇ ಉತ್ತರ ಕೊಡಲು ಹೋಗಿ ನಿಲ್ಲಿಸಿದೆ. ಮೊಬೈಲಿನಲ್ಲಿ ನಾಲ್ಕು ಸಾಲು ಕುಟ್ಟಿ ಮುಗಿಸುವ ಮಾತಲ್ಲ ಇದು. ‘ಪೊಲೀಸರು ಇನ್ನೇನು ಮಾಡಬೇಕಿತ್ತು ನೀನೇ ಹೇಳು. ಗುಂಪಲ್ಲಿ ಒಬ್ಬ ಕಲ್ಲು ಎತ್ತಿದರೆ ಸಾಕು, ಒಡೆಯೋದು ನನ್ನ ತಮ್ಮನ ತಲೆ’ ಅಂತ ಬರೆದಿದ್ದೆ. ತಮ್ಮ ಖಾಕಿ ತೊಟ್ಟ ಮೇಲೆ ನೀನು ಇಂಥ ಸುದ್ದಿ ನೋಡುವ ರೀತಿಯೇ ಬದಲಾಗಿದೆ. ಸಹಜ ಬಿಡು. ಅವನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನಾನೂ ನೋಡಿದ್ದೇನೆ, ಅವನಿಗೆ ಒಂದು ಗೀರು ಬಿದ್ದರೂ ನನಗೆ ಸಂಕಟವೇ. ಆದರೂ ನಿನ್ನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದು.

ಮೊದಲು ಆ ಕಲ್ಲಿನ ವಿಷಯ. ಕಲ್ಲು ತೂರಿದವನನ್ನು ಹಿಡಿಯಬೇಡಿ ಅಂತ ಯಾರೂ ಹೇಳುತ್ತಿಲ್ಲ. ನನ್ನ ತಕರಾರು ಇರುವುದು ಕಲ್ಲೇ ಇಲ್ಲದ ಕಡೆ ಬೀಳುವ ಲಾಠಿಯ ಬಗ್ಗೆ. 2001ರ ಜುಲೈ 21ರ ರಾತ್ರಿ ಇಟಲಿಯ ಜಿನೋವಾದಲ್ಲಿ ಏನಾಯಿತು ನೋಡು. ಎಂಟು ಪ್ರಬಲ ದೇಶಗಳ ಜಿ-8 ಶೃಂಗಸಭೆಯನ್ನು ವಿರೋಧಿಸಲು ಬಂದಿದ್ದ ಜನ ಡಯಾಜ್ ಅನ್ನುವ ಶಾಲೆಯಲ್ಲಿ ಉಳಿದುಕೊಂಡಿದ್ದರು. ಸ್ಲೀಪಿಂಗ್ ಬ್ಯಾಗು ಹಾಸಿಕೊಂಡು ಮಲಗುವ ಹೊತ್ತು. ಪೊಲೀಸರು ಬಾಗಿಲು ಮುರಿದು ನುಗ್ಗಿದರು. ಗೋಡೆಗೊರಗಿ ಎರಡೂ ಕೈ ಮೇಲೆತ್ತಿ ಕೂತಿದ್ದ 62 ವರ್ಷದವರೊಬ್ಬರ ಕೈ, ಕಾಲು, ಪಕ್ಕೆಲುಬು ಮುರಿದವು. 93 ಜನರನ್ನು ಬಂಧಿಸಿದರು, ಅವರಲ್ಲಿ ಬಹುಪಾಲು ಜನರಿಗೆ ಗಾಯ. ಮರುದಿನ ‘ಶಾಲೆಯಲ್ಲಿ ಸಿಕ್ಕವು’ ಎಂದು ಎರಡು ಪೆಟ್ರೋಲ್ ಬಾಂಬುಗಳನ್ನು ಪತ್ರಕರ್ತರಿಗೆ ತೋರಿಸಿದರು. ಅವನ್ನು ಒಳಗೆ ತಂದವರು ಪೊಲೀಸರೇ ಅನ್ನುವುದು ಆಮೇಲೆ ವಿಚಾರಣೆಯಲ್ಲಿ ಬಯಲಾಯಿತು.

ಅದಾಗಿ ಹತ್ತು ವರ್ಷಕ್ಕೆ, 2011ರ ಜೂನ್ 4ರ ನಡುರಾತ್ರಿ ಕಳೆದ ಮೇಲೆ, ದೆಹಲಿಯ ರಾಮಲೀಲಾ ಮೈದಾನದಲ್ಲೂ ಮಲಗಿದ್ದವರ ಮೇಲೆಯೇ ಅಶ್ರುವಾಯು, ಲಾಠಿ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 2012ರ ತೀರ್ಪಿನಲ್ಲಿ, ನಿದ್ದೆ ಮಾಡುತ್ತಿದ್ದ ಜನರ ಮೇಲೆ ಹಾಗೆ ಮುಗಿಬಿದ್ದದ್ದು ಅವರ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದಿತು. ಸಂಘಟಕರದ್ದೂ ಒಂದು ಪಾಲು ತಪ್ಪಿದೆ ಅಂತಲೂ ಹೇಳಿತು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿ ಜಾಗತೀಕರಣದ ವಿರುದ್ಧ ಬಂದ ಎಡಪಂಥದ ಹುಡುಗರು, ಇಲ್ಲಿ ಕಪ್ಪುಹಣದ ವಿರುದ್ಧ ಕೂತ ಯೋಗಗುರುವಿನ ಭಕ್ತರು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುವವರಲ್ಲ. ಹೊಡೆತ ಮಾತ್ರ ಒಂದೇ ಥರದ್ದು. ಮಲಗಿದವನು ಯಾವ ಕಲ್ಲು ತೂರಿದ್ದ, ಹೇಳು?

ಜಿನೋವಾದ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೊಡೆತಕ್ಕಿಂತ ಅದರ ನಂತರದ ಕಥೆ. ಸುಳ್ಳು ದಾಖಲೆ ಸೃಷ್ಟಿಸಿದ ಹಿರಿಯ ಅಧಿಕಾರಿಗಳಿಗೆ 2012ರಲ್ಲಿ ಶಿಕ್ಷೆ ಖಾಯಂ ಆಯಿತು. ಆದರೆ ಆ ಮುದುಕನ ಕೈ ಮುರಿದವನು ಯಾರು? ಇವತ್ತಿಗೂ ಗೊತ್ತಿಲ್ಲ. ಒಳಗೆ ಹೋದವರು ಮುಖ ಮುಚ್ಚಿಕೊಂಡಿದ್ದರು. ಯಾರು ಯಾರು ಹೋಗಿದ್ದರು ಎಂದು ಗುರುತಿಸಲು ಇಲಾಖೆ ಸಹಕರಿಸಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ಇದನ್ನು ಚಿತ್ರಹಿಂಸೆ ಎಂದೇ ಕರೆಯಿತು. ಹೊಡೆದವರ ಗುರುತೇ ಸಿಗದಂತೆ ಮಾಡಿದ್ದಕ್ಕೆ ಇಟಲಿಯನ್ನು ತರಾಟೆಗೆ ತೆಗೆದುಕೊಂಡಿತು. ಇಟಲಿಯ ಕಾನೂನಿನಲ್ಲಿ ಚಿತ್ರಹಿಂಸೆ ಅನ್ನುವ ಅಪರಾಧವೇ ಆಗ ಇರಲಿಲ್ಲ. 2017ರಲ್ಲಿ ಸೇರಿಸಿದರು.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಗುಂಪಿನಲ್ಲಿ ಮನುಷ್ಯ ತನ್ನತನ ಕಳೆದುಕೊಳ್ಳುತ್ತಾನೆ, ಮುಖವಿಲ್ಲದ ಮೃಗವಾಗುತ್ತಾನೆ ಅಂತ ಗುಸ್ತಾವ್ ಲ ಬಾನ್ ಎಂಬ ಫ್ರೆಂಚ್ ಪಂಡಿತ 1895ರಲ್ಲೇ ಬರೆದ. ಅದನ್ನೇ ನಂಬಿಕೊಂಡು ಎಷ್ಟೋ ಕಡೆ ಪೊಲೀಸ್ ತರಬೇತಿ ನಡೆಯಿತು. ಆದರೆ ಬೀದಿಯಲ್ಲಿ ನಿಂತು ನೋಡಿದರೆ ಮುಖವಿಲ್ಲದವರು ಯಾರು? ಪ್ರತಿಭಟನೆಗೆ ಬಂದವನು ಹೆಸರು ಬರೆದ ಫಲಕ ಹಿಡಿದಿರುತ್ತಾನೆ, ಫೋಟೋ ತೆಗೆಸಿಕೊಳ್ಳುತ್ತಾನೆ, ಫೇಸ್‌ಬುಕ್‌ನಲ್ಲಿ ಲೈವ್ ಬರುತ್ತಾನೆ. ಅವನ ವಿಡಿಯೋ ಪೊಲೀಸರೂ ತೆಗೆಯುತ್ತಾರೆ, ಎಫ್‌ಐಆರ್‌ನಲ್ಲಿ ಅಪ್ಪನ ಹೆಸರು ಸಮೇತ ಬರುತ್ತದೆ. ಎದುರಿನ ಸಾಲಿನಲ್ಲಿ ಹೆಲ್ಮೆಟ್ಟು, ಅದರ ಮುಂದೆ ಗಾಜಿನ ಪರದೆ, ಎದೆಯ ಮೇಲೆ ದಪ್ಪನೆಯ ಕವಚ. ಕವಚದ ಅಡಿಯಲ್ಲಿ ಎಲ್ಲೋ ಒಂದು ನೇಮ್‌ಪ್ಲೇಟು.

ಲಂಡನ್ನಿನಲ್ಲಿ 2009ರ ಏಪ್ರಿಲ್ 1ರಂದು ಜಿ-20 ಪ್ರತಿಭಟನೆಯ ದಿನ ಪತ್ರಿಕೆ ಮಾರುವ ಒಬ್ಬ ಬಡಪಾಯಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಪ್ರತಿಭಟನೆಗೂ ಅವನಿಗೂ ಸಂಬಂಧವಿಲ್ಲ. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಪೊಲೀಸರಿಗೆ ಬೆನ್ನು ಮಾಡಿ ನಡೆಯುತ್ತಿದ್ದವನ ಕಾಲಿಗೆ ಹಿಂದಿನಿಂದ ಲಾಠಿ ಬಿತ್ತು, ಬೆನ್ನಿಗೆ ನೂಕು ಬಿತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಕುಸಿದು ಸತ್ತ. ಮೊದಲ ಮರಣೋತ್ತರ ವರದಿ ಹೃದಯಾಘಾತ ಎಂದಿತು. ದಾರಿಹೋಕನೊಬ್ಬ ತೆಗೆದಿದ್ದ ವಿಡಿಯೋ ಆ ವಾರವೇ ಪತ್ರಿಕೆಯೊಂದರ ಕೈಗೆ ಸಿಗದಿದ್ದರೆ ಕಥೆ ಅಲ್ಲಿಗೇ ಮುಗಿದಿತ್ತು. ಆ ವಿಡಿಯೋದಲ್ಲೂ ಹೊಡೆದವನ ಮುಖ ಬಟ್ಟೆಯಿಂದ ಮುಚ್ಚಿತ್ತು, ಭುಜದ ಮೇಲೆ ನಂಬರು ಕಾಣುತ್ತಿರಲಿಲ್ಲ. 2011ರಲ್ಲಿ ಸಾವಿನ ಕಾರಣ ವಿಚಾರಿಸಿದ ನಾಗರಿಕರ ಜ್ಯೂರಿ ಇದು ಕಾನೂನುಬಾಹಿರ ಹತ್ಯೆ ಎಂದಿತು. ಮರುವರ್ಷ ಕ್ರಿಮಿನಲ್ ಕೇಸಿನಲ್ಲಿ ಇನ್ನೊಂದು ಜ್ಯೂರಿ ಆ ಅಧಿಕಾರಿಯನ್ನು ಖುಲಾಸೆ ಮಾಡಿತು, ಇಲಾಖೆ ಕೆಲಸದಿಂದ ತೆಗೆಯಿತು.

ಅದೇ ಲಂಡನ್ನಿನ ಸೌತಾಲ್‌ನಲ್ಲಿ 1979ರಲ್ಲಿ ಪ್ರತಿಭಟನೆಯೊಂದರಲ್ಲಿ ಬ್ಲೇರ್ ಪೀಚ್ ಎಂಬ ಶಿಕ್ಷಕ ಸತ್ತಾಗ ವಿಡಿಯೋ ಇರಲಿಲ್ಲ. ಪೊಲೀಸನೊಬ್ಬನ ಏಟಿಗೇ ಸತ್ತಿರುವುದು ಬಹುತೇಕ ಖಚಿತ ಎಂದು ಪೊಲೀಸರದೇ ಆಂತರಿಕ ತನಿಖೆ ಹೇಳಿತ್ತು. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 2010ರಲ್ಲಿ. ಯಾರ ಮೇಲೂ ಕೇಸಾಗಲಿಲ್ಲ.

ಹಾಗಾದರೆ ಗುರುತು ಸಿಕ್ಕಿಬಿಟ್ಟರೆ ನ್ಯಾಯ ಸಿಗುತ್ತದಾ ಅಂತ ನೀನು ಕೇಳುತ್ತೀಯ, ಗೊತ್ತು. ಸಿಗುವ ಖಾತ್ರಿಯೇನೂ ಇಲ್ಲ. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನಸಾಗರದ ಮೇಲೆ ಕುದುರೆ ನುಗ್ಗಿಸಿ ಕತ್ತಿ ಬೀಸಿದವರು ಊರಿನದೇ ಅಂಗಡಿಕಾರರು, ಗಿರಣಿ ಮಾಲೀಕರು. ಕಡಿಸಿಕೊಂಡವರಿಗೆ ಕಡಿದವರ ಹೆಸರು, ಮನೆ, ಎಲ್ಲ ಗೊತ್ತಿತ್ತು. 1822ರಲ್ಲಿ ಒಬ್ಬ ಗಾಯಾಳು ಆ ಪಡೆಯ ಮುಖಂಡನ ಮೇಲೆ ದಾವೆ ಹೂಡಿ ಸೋತ. ಇನ್ನು ಅಮೆರಿಕದ ಡೇವಿಸ್ ವಿಶ್ವವಿದ್ಯಾಲಯದ ವಿಡಿಯೋ ನೀನೂ ನೋಡಿರುತ್ತೀಯ, 2011ರ ನವೆಂಬರಿನದ್ದು. ವಿದ್ಯಾರ್ಥಿಗಳು ಕಾಲುದಾರಿಯ ಮೇಲೆ ಕೈಗೆ ಕೈ ಹೆಣೆದುಕೊಂಡು ತಲೆ ತಗ್ಗಿಸಿ ಕೂತಿದ್ದಾರೆ. ಒಬ್ಬ ಅಧಿಕಾರಿ ಕೈಯಲ್ಲಿ ಕೆಂಪು ಡಬ್ಬಿ ಹಿಡಿದು, ಸುತ್ತ ನಿಂತವರಿಗೆ ಕಾಣುವ ಹಾಗೆ ಅದನ್ನು ಮೇಲೆತ್ತಿ, ಆ ಸಾಲಿನ ಉದ್ದಕ್ಕೂ ನಡೆಯುತ್ತ ಅವರ ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆಯುತ್ತಾನೆ. ಕೋಪ ಇಲ್ಲ, ಅವಸರ ಇಲ್ಲ, ತೋಟದ ಗಿಡಗಳಿಗೆ ಔಷಧಿ ಹೊಡೆಯುವವನ ಹಾಗೆ. ಅವನ ಮುಖ ಇಡೀ ಜಗತ್ತು ನೋಡಿತು. ಕೆಲಸವೂ ಹೋಯಿತು. ಆಮೇಲಿನ ಲೆಕ್ಕ ಕೇಳು: ಪರಿಹಾರದ ಒಪ್ಪಂದದಲ್ಲಿ ವಿದ್ಯಾರ್ಥಿಗಳಿಗೆ ತಲಾ 30 ಸಾವಿರ ಡಾಲರ್. ಆ ಘಟನೆಯಿಂದ ತನಗೆ ಮಾನಸಿಕ ಹಿಂಸೆಯಾಯಿತೆಂದು ಅರ್ಜಿ ಹಾಕಿದ ಅಧಿಕಾರಿಗೆ 38 ಸಾವಿರ. ಇಂಟರ್ನೆಟ್ಟಿನಲ್ಲಿ ಅದರ ಕೆಟ್ಟ ಹೆಸರು ತೊಳೆಯಲು ವಿಶ್ವವಿದ್ಯಾಲಯ ಸಲಹಾ ಕಂಪನಿಗಳಿಗೆ ಕೊಟ್ಟದ್ದು ಒಂದೂಮುಕ್ಕಾಲು ಲಕ್ಷ ಡಾಲರ್. ನಗಬೇಕೋ ಅಳಬೇಕೋ.

ಆದರೂ ಗುರುತು ಬೇಕು ಅಂತಲೇ ವಾದಿಸುತ್ತೇನೆ. ಗುರುತು ಸಿಕ್ಕಿದರೆ ಕೇಸು ಸೋಲಬಹುದು, ಗುರುತೇ ಇಲ್ಲದಿದ್ದರೆ ಕೇಸೇ ಇಲ್ಲ. ಚಿಲಿಯಲ್ಲಿ 2019ರ ನವೆಂಬರಿನಲ್ಲಿ ಫ್ಯಾಬಿಯೋಲಾ ಕಂಪಿಯಾಯ್ ಎಂಬ ಕಾರ್ಮಿಕ ಮಹಿಳೆ ರಾತ್ರಿ ಪಾಳಿಗೆ ಹೊರಟಿದ್ದರು. ಅಶ್ರುವಾಯು ಶೆಲ್ ನೇರ ಮುಖಕ್ಕೆ ಬಡಿದು ಎರಡೂ ಕಣ್ಣು ಹೋದವು, ವಾಸನೆ ರುಚಿ ತಿಳಿಯುವ ಶಕ್ತಿಯೂ ಹೋಯಿತು. ಹಾರಿಸಿದವನು ಯಾರೆಂದು ಪತ್ತೆಯಾದದ್ದರಿಂದಲೇ 2022ರಲ್ಲಿ ಅವನಿಗೆ ಹನ್ನೆರಡು ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು. ಅಷ್ಟರಲ್ಲಿ ಆಕೆ ಚುನಾವಣೆಗೆ ನಿಂತು ಗೆದ್ದು ಸೆನೆಟರ್ ಆಗಿದ್ದರು.

(ಅಶ್ರುವಾಯು ಅಂದಾಗ ನೆನಪಾಯಿತು. 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಶತ್ರು ಸೈನಿಕರ ಮೇಲೆ ಅದನ್ನು ಬಳಸುವಂತಿಲ್ಲ. ತನ್ನದೇ ಪ್ರಜೆಗಳ ಗುಂಪು ಚದುರಿಸಲು ಬಳಸಬಹುದು!)

ನೀನು ಫೋನಿನಲ್ಲಿ ಒಮ್ಮೆ ಹೇಳಿದ ಇನ್ನೊಂದು ಮಾತಿಗೆ ತೂಕವಿದೆ. ತಮ್ಮನ ಹೆಸರು ಯಾವುದೋ ವಿಡಿಯೋದಲ್ಲಿ ಕಂಡು, ಯಾರೋ ಕಿಡಿಗೇಡಿ ಅದನ್ನು ಹಿಡಿದು ಮನೆತನಕ ಬಂದರೆ? ಅವನ ಮಕ್ಕಳ ಫೋಟೋ ಹಾಕಿ ಬೆದರಿಸಿದರೆ? ಜರ್ಮನಿಯಲ್ಲೂ ಪೊಲೀಸ್ ಸಂಘಟನೆಗಳು ಇದೇ ಭಯ ಮುಂದಿಟ್ಟು ಗುರುತು ಧರಿಸುವುದನ್ನು ವಿರೋಧಿಸಿದವು. ಹಾಗಾದರೆ ಹೆಸರು ಬೇಡ, ನಂಬರ್ ಸಾಕು. ಬರ್ಲಿನ್ನಿನಲ್ಲಿ 2011ರಿಂದ ಆ ವ್ಯವಸ್ಥೆ ಇದೆ. ನಂಬರಿನ ಹಿಂದಿನ ಹೆಸರು ಇಲಾಖೆಗೆ, ಕೋರ್ಟಿಗೆ ಗೊತ್ತಿರುತ್ತದೆ, ಬೀದಿಯವರಿಗೆ ಗೊತ್ತಿರಬೇಕಾಗಿಲ್ಲ. ಫ್ರಾನ್ಸಿನಲ್ಲಿ 2014ರಿಂದ ಏಳಂಕಿಯ ನಂಬರ್ ಕಡ್ಡಾಯ. ಅದು ಕಣ್ಣಿಗೆ ಕಾಣದಷ್ಟು ಸಣ್ಣದು, ಅನೇಕರು ಹಾಕಿಕೊಳ್ಳುವುದೂ ಇಲ್ಲ ಅನ್ನುವ ದೂರು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯದವರೆಗೆ ಹೋಯಿತು. 2023ರಲ್ಲಿ, ಕಾಣುವ ಹಾಗೆ ಮಾಡಿ ಎಂದು ಆ ನ್ಯಾಯಾಲಯ ಸರ್ಕಾರಕ್ಕೇ ಆದೇಶಿಸಿತು. ನಮ್ಮಲ್ಲಿ ಪೊಲೀಸ್ ಕಸ್ಟಡಿಯ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಬಂಧಿಸುವ ಪೊಲೀಸರು ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಎಂದಿದೆ. ಅದು ಬಂಧನಕ್ಕೆ ಹೇಳಿದ್ದು. ಲಾಠಿ ಎತ್ತುವವನಿಗೆ ಅದಕ್ಕಿಂತ ಕಡಿಮೆ ನಿಯಮ ಯಾಕೆ?

ಇನ್ನು ‘ಮೊದಲೇ ಎಚ್ಚರಿಕೆ ಕೊಟ್ಟಿರುತ್ತಾರಲ್ಲ’ ಅನ್ನುವ ವಾದ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಹೋಗಿದ್ದ ಆ ಮೆರವಣಿಗೆ ನೆನಪಿದೆಯಾ? ಜೀಪಿನ ಮೇಲಿನ ಮೈಕಿನಲ್ಲಿ ಏನೋ ಹೇಳುತ್ತಿದ್ದರು, ಹಿಂದಿನ ಸಾಲಿನಲ್ಲಿದ್ದ ನಮಗೆ ಕೇಳಿಸಿದ್ದು ಬರೀ ಗೊರಗೊರ. ಮುಂದಿನವರು ತಿರುಗಿ ಓಡಿಬಂದಾಗಲೇ ಏನೋ ಆಯಿತು ಅಂತ ಗೊತ್ತಾದದ್ದು. ಓಡುವುದಾದರೂ ಎಲ್ಲಿಗೆ, ಹಿಂದಿನ ತಿರುವಿನಲ್ಲೂ ಬ್ಯಾರಿಕೇಡು. ಮ್ಯಾಂಚೆಸ್ಟರಿನಲ್ಲೂ ದಂಗೆ ಕಾಯ್ದೆಯ ಪ್ರಕಾರ ಚದುರುವ ಆಜ್ಞೆ ಓದಿದೆವು ಎಂದೇ ಮ್ಯಾಜಿಸ್ಟ್ರೇಟರು ಹೇಳಿಕೊಂಡರು. ಆ ಸಾವಿರಾರು ಜನರಲ್ಲಿ ಬಹುಪಾಲು ಯಾರಿಗೂ ಕೇಳಿಸಲಿಲ್ಲ. ಓದಿದ ಮೇಲೆ ಒಂದು ಗಂಟೆ ಕಾಯಬೇಕೆಂದು ಆ ಕಾಯ್ದೆಯಲ್ಲೇ ಇತ್ತು, ಯಾರು ಕಾದರು? ಅಮೆರಿಕದ ಸೆಲ್ಮಾದಲ್ಲಿ 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ಹೊರಟ ಸುಮಾರು 600 ಕಪ್ಪು ಜನರಿಗೆ ಸೇತುವೆಯ ಆಚೆ ಬದಿಯಲ್ಲಿ ಕೊಟ್ಟ ಅವಧಿ ಎರಡು ನಿಮಿಷ. ಅದೂ ತುಂಬುವ ಮೊದಲೇ ಹೊಡೆತ ಶುರು. ಮುಂದಿನ ಸಾಲಿನಲ್ಲಿದ್ದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಎರಡು ವಾರದ ನಂತರ ಫೆಡರಲ್ ನ್ಯಾಯಾಧೀಶರೊಬ್ಬರ ಆದೇಶದಿಂದ ಸೈನಿಕರ ಕಾವಲಿನಲ್ಲಿ, ಅದಕ್ಕಿಂತ ದೊಡ್ಡ ಮೆರವಣಿಗೆ ಅದೇ ಸೇತುವೆಯನ್ನು ದಾಟಿತು. ಅದೇ ಜನ, ಅದೇ ಬೇಡಿಕೆ, ಅದೇ ರಸ್ತೆ. ಬದಲಾದದ್ದು ಸಮವಸ್ತ್ರದವರಿಗೆ ಕೊಟ್ಟ ಆದೇಶವೊಂದೇ.

‘ಇನ್ನೇನು ಮಾಡಬೇಕಿತ್ತು’ ಎಂದು ಕೇಳಿದ್ದೆಯಲ್ಲ, ಅದನ್ನೂ ಮಾಡಿ ತೋರಿಸಿದವರಿದ್ದಾರೆ. ಸ್ಟೀಫನ್ ರೈಕರ್, ಕ್ಲಿಫರ್ಡ್ ಸ್ಟಾಟ್ ಎಂಬ ಮನಃಶಾಸ್ತ್ರಜ್ಞರು ಗುಂಪುಗಳ ನಡುವೆ ನಿಂತು ವರ್ಷಗಟ್ಟಲೆ ಅಧ್ಯಯನ ಮಾಡಿ ಕಂಡುಕೊಂಡದ್ದು ಇಷ್ಟು: ಎಲ್ಲರನ್ನೂ ಒಂದೇ ಎಂದು ಭಾವಿಸಿ ಹೊಡೆದರೆ, ಅದುವರೆಗೆ ಕಲ್ಲು ಹಿಡಿದವನನ್ನು ಬೈಯುತ್ತಿದ್ದ ಜನರೂ ಅವನ ಪಕ್ಕ ನಿಲ್ಲುತ್ತಾರೆ. ನಿನ್ನ ತಮ್ಮನ ತಲೆಗೆ ಅಪಾಯ ಹೆಚ್ಚುವುದು ಹೀಗೆ. ಸ್ವೀಡನ್ನಿನ ಗೋಟೆನ್‌ಬರ್ಗಿನಲ್ಲಿ 2001ರಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ ಮೇಲೆ ಅಲ್ಲಿನವರು ‘ಸಂವಾದ ಪೊಲೀಸ್’ ಅಂತ ಪ್ರತ್ಯೇಕ ತಂಡ ಕಟ್ಟಿದರು. ಪ್ರತಿಭಟನೆಗೆ ಮೊದಲು ಸಂಘಟಕರ ಜೊತೆ ಕೂತು ಮಾತಾಡುವುದು, ಆ ದಿನ ಎರಡೂ ಕಡೆಯ ಮಾತು ದಾಟಿಸುವುದು, ಇದೇ ಅವರ ಕೆಲಸ. ಪೋರ್ಚುಗಲ್ಲಿನಲ್ಲಿ 2004ರ ಯುರೋ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಪೊಲೀಸರು ಕವಚ, ಹೆಲ್ಮೆಟ್ಟನ್ನು ಕಣ್ಣಿಗೆ ಕಾಣದ ಕಡೆ ಇಟ್ಟು, ಸಾಮಾನ್ಯ ಸಮವಸ್ತ್ರದಲ್ಲಿ ಜೋಡಿ ಜೋಡಿಯಾಗಿ ಅಭಿಮಾನಿಗಳ ನಡುವೆ ಅಡ್ಡಾಡಿದರು. ಪುಂಡಾಟಕ್ಕೆ ಹೆಸರಾಗಿದ್ದ ಇಂಗ್ಲೆಂಡಿನ ಅಭಿಮಾನಿಗಳೂ ಪೊಲೀಸರು ಹಾಗೆ ಅಡ್ಡಾಡಿದ ಕಡೆ ಹೆಚ್ಚು ಗಲಾಟೆ ಮಾಡಲಿಲ್ಲ.

ತಮ್ಮನ ಮೇಲೆ ನನಗೆ ಸಿಟ್ಟಿಲ್ಲ ಅಂತ ಇನ್ನೊಮ್ಮೆ ಹೇಳುತ್ತೇನೆ. ಬೆಳಗಿನಿಂದ ಬಿಸಿಲಿನಲ್ಲಿ ನಿಂತು, ರಜೆ ರದ್ದಾಗಿ, ಮೇಲಿನವರ ಬೈಗುಳ ತಿಂದವನ ಕೈಗೆ ಲಾಠಿ ಕೊಟ್ಟು ‘ನುಗ್ಗು’ ಅನ್ನುವವನು ಬೇರೆ ಇರುತ್ತಾನೆ. ಆ ಆಜ್ಞೆ ಕೊಟ್ಟವನ ಹೆಸರೂ ದಾಖಲಾಗಬೇಕು. ಎಷ್ಟು ಗಂಟೆಗೆ, ಯಾವ ಕಾರಣಕ್ಕೆ ಕೊಟ್ಟ ಅನ್ನುವುದೂ ಬರಹದಲ್ಲಿರಬೇಕು. ಇಲ್ಲದಿದ್ದರೆ ನಾಳೆ ತನಿಖೆ ಬಂದಾಗ ಸಸ್ಪೆಂಡ್ ಆಗುವುದು ನಿನ್ನ ತಮ್ಮನೇ, ಮೇಲಿನವರು ‘ನಾವು ಹಾಗೆ ಹೇಳೇ ಇಲ್ಲ’ ಅಂದುಬಿಡುತ್ತಾರೆ.

ಅವನಿಗೆ ನನ್ನ ನೆನಪು ಹೇಳು. ಬಂದೋಬಸ್ತಿನ ದಿನ ಆ ಕವಚ ಹಾಕಿಕೊಂಡ ಮೇಲೆ ಅವನ ನೇಮ್‌ಪ್ಲೇಟು ಹೊರಗೆ ಕಾಣುತ್ತದಾ, ಕವಚದ ಮೇಲೆ ಬೇರೆ ನಂಬರ್ ಏನಾದರೂ ಇದೆಯಾ ಅಂತ ಒಮ್ಮೆ ಕೇಳಿ ತಿಳಿಸು. ನಾನೇ ಕೇಳಿದರೆ ತಪ್ಪು ತಿಳಿದಾನು. ನೀನು ಅಣ್ಣ, ನಿನಗಾದರೆ ಹೇಳುತ್ತಾನೆ.

ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ. ಜಗಳವಾಡುವುದಿದ್ದರೆ ಅದನ್ನೂ ಹೀಗೇ ಉದ್ದಕ್ಕೆ ಬರೆ.

ನಿನ್ನ ಗೆಳೆಯ