ಜಗಲಿಯ ಕಪ್ಪೆ

ಹೆಲ್ಸಿಂಕಿ, ನವೆಂಬರ್ ಕೊನೆ

ಅಮ್ಮಾ,

ಇಲ್ಲಿ ಈಗ ಮಧ್ಯಾಹ್ನ ಮೂರೂವರೆಗೇ ಕತ್ತಲು. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದರಲ್ಲ, "ಕಪ್ಪೆ ಕಣ್ಣು ನೋಡ್ಲಿಕ್ಕೆ ಉಡುಪಿಯಿಂದ ಅಲ್ಲಿವರೆಗೆ ಹೋಗ್ಬೇಕಿತ್ತಾ, ನಮ್ಮ ಗದ್ದೆಯಲ್ಲಿ ಇರಲಿಲ್ವಾ" ಅಂತ. ನಗು ಬಂತು, ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರ.

ಮಳೆಗಾಲದಲ್ಲಿ ಜಗಲಿಯ ದೀಪದ ಕೆಳಗೆ ಒಂದು ನೆಲಗಪ್ಪೆ ಬಂದು ಕೂರುತ್ತಿತ್ತು, ನೀನು ಹಿಡಿಸೂಡಿಯಿಂದ ಅಂಗಳಕ್ಕೆ ದೂಡುತ್ತಿದ್ದೆ. ಸತ್ತ ಹುಳ ಮೂತಿಯ ಮುಂದೆಯೇ ಬಿದ್ದಿದ್ದರೂ ಅದು ಮುಟ್ಟುತ್ತಿರಲಿಲ್ಲ, ಆದರೆ ಒಂದು ರೆಕ್ಕೆ ಅಲ್ಲಾಡಿದರೆ ಸಾಕು, ನಾಲಗೆ ಹೊರಗೆ! ಅದರಲ್ಲಿ ಕಣ್ಣಿನ ಪಾಲೂ ಇದೆ. ಮೆದುಳಿಗೆ ಸುದ್ದಿ ಒಯ್ಯುವ ಕೋಶಗಳಲ್ಲಿ ಕೆಲವು ಓಡಾಡುವ ಸಣ್ಣ ಚುಕ್ಕೆಗೇ ಜಾಸ್ತಿ ಮಿಡಿಯುತ್ತವೆ. 1950ರ ದಶಕದಲ್ಲೇ ಇದು ಗೊತ್ತಾಗಿತ್ತು.

ನಾನು ನೋಡುವುದು ಅದಕ್ಕೂ ಮೊದಲಿನ ಸಾಲು, ಮಬ್ಬು ಬೆಳಕಿನ ರಾಡ್ ಕೋಶಗಳು. ಇವುಗಳದ್ದು ಉಲ್ಟಾ ಕ್ರಮ. ಕತ್ತಲಲ್ಲಿ ಒಂದೇ ಸಮನೆ ರಾಸಾಯನಿಕ ಬಿಡುತ್ತಾ ಇರುತ್ತವೆ, ಬೆಳಕು ಬಿದ್ದರೆ ಕಡಿಮೆ ಮಾಡುತ್ತವೆ. ಕರೆಂಟು ಹೋದಾಗ ಅಳುತ್ತಿದ್ದ ತಮ್ಮ ದೀಪ ಬಂದ ಕೂಡಲೇ ಸುಮ್ಮನಾಗುತ್ತಿದ್ದನಲ್ವಾ, ಹಾಗೆ. ನೆಲಗಪ್ಪೆಯ ಒಂದು ರಾಡಿನಲ್ಲಿ ರೊಡಾಪ್ಸಿನ್ ಅಂತ ಬೆಳಕು ಹಿಡಿಯುವ ಬಣ್ಣದ ಅಣು ಸುಮಾರು 200 ಕೋಟಿ ಇರುತ್ತವೆ. ಬೆಳಕೇ ಇಲ್ಲದೆ, ಬರೀ ಮೈಯ ಶಾಖಕ್ಕೆ, ಅದರಲ್ಲೊಂದು ಆಗೀಗ ತಾನಾಗಿ ಬದಲಾಗಿಬಿಡುತ್ತದೆ, ಕೋಶಕ್ಕೆ ಅದೂ ಬೆಳಕೇ. ಸುಳ್ಳು ಸುದ್ದಿ! ಮೈ ತಣ್ಣಗಿದ್ದಷ್ಟೂ ಇಂಥ ಸುಳ್ಳು ಕಡಿಮೆ, ನಿಜವಾದ ಮಿಣುಕು ಬೇರೆಯಾಗಿ ಕಾಣುತ್ತದೆ. ನಮ್ಮ ಕಣ್ಣಿಗೆ ಏನೂ ಕಾಣದ ಕತ್ತಲಲ್ಲೂ ನೆಲಗಪ್ಪೆ ಬೇಟೆಗೆ ಬಾಯಿ ಹಾಕುತ್ತದೆ ಎಂದು 1988ರಲ್ಲಿ ತೋರಿಸಿದ್ದು ಈ ಊರಿನವರೇ. ಅಪ್ಪನಿಗೆ ಇದೇ ಉತ್ತರ.

ಕಳೆದ ವಾರ ಒಂದು ಎಡವಟ್ಟಾಯಿತು. ನಾವು ಕೆಲಸ ಮಾಡುವುದು ಮಂದ ಕೆಂಪು ದೀಪದಲ್ಲಿ, ಕೆಂಪು ಬೆಳಕು ರಾಡಿಗೆ ಹೆಚ್ಚು ತಟ್ಟುವುದಿಲ್ಲ. ಬೆಳಿಗ್ಗೆಯಿಂದ ಕೂತು ರೆಟಿನಾ, ಅಂದರೆ ಈ ರಾಡುಗಳಿರುವ ಕಣ್ಣಿನ ಒಳಪದರ, ಬಿಡಿಸಿಟ್ಟಿದ್ದೆ, ಯಾರೋ ಬಾಗಿಲು ತೆಗೆದರು. ಆ ಬೆಳಕಲ್ಲಿ ನೋಡಿದರೆ ಉಗುರಿನಷ್ಟು ಚೂರು, ನೀರು ಜಾಸ್ತಿಯಾದ ಪುನರ್ಪುಳಿ ಶರಬತ್ತಿನ ಬಣ್ಣ! ಕೆಂಪು ದೀಪದಲ್ಲಿ ಆ ಬಣ್ಣ ಯಾವತ್ತೂ ಕಾಣುವುದಿಲ್ಲ. ಅದು ರೊಡಾಪ್ಸಿನ್ನಿನ ಬಣ್ಣ, ಬೆಳಕು ತಾಗಿ ನೋಡುತ್ತಾ ಇದ್ದ ಹಾಗೆ ಹಳದಿಯಾಯಿತು, ಆಮೇಲೆ ಬಿಳಿಚಿಕೊಂಡಿತು. ಇಡೀ ದಿನದ ಕೆಲಸ ನೀರಲ್ಲಿ ಹೋಮ. ಸಿಟ್ಟು ಬಂತು, ಆದರೂ ಆ ಬಣ್ಣ ನೋಡಿದ್ದು ಖುಷಿಯೇ.

ಪಾರ್ಸೆಲ್ ಕಳಿಸುವಾಗ ಪುನರ್ಪುಳಿ ಸಿಪ್ಪೆ ಸ್ವಲ್ಪ ಜಾಸ್ತಿ ಹಾಕು. ಬರುವ ಮಳೆಗಾಲಕ್ಕೆ ಹಿಡಿಸೂಡಿ ಒಳಗಿಡು, ಕಪ್ಪೆ ಅಲ್ಲೇ ಕೂರಲಿ.

ನಿನ್ನ ಮಗಳು