ಮರಳುಗಲ್ಲನ್ನು ಇನ್ನು ಬಣ್ಣ ನೋಡಿ ಮಾರುವುದಿಲ್ಲ

ಪ್ರಿಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಯಾರ್ಡಿನಲ್ಲಿ ಒಂದು ಬದಲಾವಣೆ. ಮರಳುಗಲ್ಲು, ಅಂದರೆ ನೀವೆಲ್ಲ ಸ್ಯಾಂಡ್‌ಸ್ಟೋನ್ ಅನ್ನುವ ಕಲ್ಲು, ಬೇಕು ಅಂತ ಬಂದರೆ ಮೊದಲು ಎಲ್ಲಿ ಹಾಕುತ್ತೀರಿ ಎಂದು ಕೇಳುತ್ತೇವೆ. ಆ ಜಾಗಕ್ಕೆ ಒಗ್ಗುವ ಲಾಟ್ ಇದ್ದರೆ ಕೊಡುತ್ತೇವೆ. ಇಲ್ಲದಿದ್ದರೆ ಇಲ್ಲ ಎನ್ನುತ್ತೇವೆ. ಚದರಡಿಗೆ 8 ರೂಪಾಯಿ ಜಾಸ್ತಿ ಆಗುತ್ತದೆ, ಡೆಲಿವರಿ ಮೂರು ದಿನ ತಡವಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇವೆ.

ತಪ್ಪು ನಮ್ಮದೇ. ಮಂಡ್ಯದ ಒಂದು ಮನೆಗೆ ಜೇನುಬಣ್ಣದ ಮರಳುಗಲ್ಲಿನ ಮೆಟ್ಟಿಲು ಹಾಕಿಕೊಟ್ಟಿದ್ದೆವು. ನೋಡಿದವರೆಲ್ಲ ಹೊಗಳಿದರು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಆ ಮನೆಯ ಅಮ್ಮ ಫೋನ್ ಮಾಡಿದರು. "ಗುಡಿಸಿದಷ್ಟೂ ಮರಳು ಬರ್ತದೆ ಕಣಪ್ಪಾ, ನೀವು ಹಾಕಿದ್ದು ಕಲ್ಲೋ, ಮರಳಿನ ರಾಶಿಯೋ?" ಹೋಗಿ ನೋಡಿದೆವು. ಕೆಳಗಿನ ಮೆಟ್ಟಿಲಿನ ಅಂಚು ಹಪ್ಪಳದ ಹಾಗೆ ಎದ್ದಿತ್ತು. ಅದರಡಿ ಬಿಳಿ ಉಪ್ಪಿನ ಪೊರೆ. ಬೆರಳಿಟ್ಟು ಉಜ್ಜಿದರೆ ಅಂಗೈ ತುಂಬ ಮರಳು. ಮೇಲಿನ ಮೆಟ್ಟಿಲು ಮಾತ್ರ ಗಟ್ಟಿಯಾಗೇ ಇತ್ತು, ಅದಕ್ಕೆ ಮೇಲಿನ ಸಜ್ಜಾ ನೆರಳು ಕೊಡುತ್ತಿತ್ತು. ಎಲ್ಲ ಕಿತ್ತು ನಮ್ಮ ಖರ್ಚಿನಲ್ಲೇ ಗ್ರಾನೈಟ್ ಹಾಕಿಕೊಟ್ಟೆವು.

ಮರಳುಗಲ್ಲು ಗಟ್ಟಿನಾ ಅಂತ ಕೇಳಿದರೆ ಒಂದೇ ಮಾತಿನ ಉತ್ತರ ಇಲ್ಲ. ರವೆ ಉಂಡೆ ನೆನೆಸಿಕೊಳ್ಳಿ. ರವೆ ರವೆಯೇ, ಎಲ್ಲ ಉಂಡೆಯಲ್ಲೂ ಒಂದೇ. ಕೈಯಲ್ಲಿ ನಿಲ್ಲುತ್ತೋ ಪುಡಿಯಾಗುತ್ತೋ ಅನ್ನುವುದು ಪಾಕದ ಮೇಲೆ. ಮರಳುಗಲ್ಲಿನ ಕಾಳು ಹೆಚ್ಚಾಗಿ ಕ್ವಾರ್ಟ್ಸ್ ಎಂಬ ಗಟ್ಟಿ ಖನಿಜ. ಮೋಸ್ ಎಂಬ ಖನಿಜ ತಜ್ಞರು 1812ರಲ್ಲಿ ಮಾಡಿದ 1ರಿಂದ 10ರ ಗಡಸುತನದ ಪಟ್ಟಿಯಲ್ಲಿ ಅದಕ್ಕೆ 7. ಚಾಕುವಿನ ಉಕ್ಕಿಗೆ ಸುಮಾರು 5.5. ಅಂದರೆ ಕಾಳನ್ನು ಚಾಕು ಗೀರಲಾರದು. ಆದರೆ ಕಾಳುಗಳನ್ನು ಅಂಟಿಸಿರುವ ಪಾಕ ಸಿಲಿಕಾ (ಕ್ವಾರ್ಟ್ಸ್ ಆಗಿರುವುದೂ ಇದರಿಂದಲೇ) ಇರಬಹುದು, ಸುಣ್ಣ ಇರಬಹುದು, ಕಬ್ಬಿಣದ ತುಕ್ಕು ಇರಬಹುದು, ಬರೀ ಜೇಡಿಮಣ್ಣೂ ಇರಬಹುದು. ಸುಣ್ಣದ ಪಾಕವಾದ ಕ್ಯಾಲ್ಸೈಟ್ ಆ ಪಟ್ಟಿಯಲ್ಲಿ ಬರೀ 3. ಮಂಡ್ಯದ ಮೆಟ್ಟಿಲಿನಲ್ಲಿ ಕಾಳು ಒಂದೂ ಸವೆದಿರಲಿಲ್ಲ, ಪಾಕ ಬಿಟ್ಟಿತ್ತು.

ನೀವೇ ನೋಡಬಹುದು. ಒಂದು ಕಬ್ಬಿಣದ ಮೊಳೆ ತಂದು ಕಲ್ಲಿನ ಮೇಲೆ ಒತ್ತಿ ಗೀರಿ. ಪಾಕ ಗಟ್ಟಿ ಇದ್ದರೆ ಕಲ್ಲಿಗೆ ಏನೂ ಆಗುವುದಿಲ್ಲ, ಮೊಳೆಯೇ ಸವೆದು ಬೆಳ್ಳಗೆ ಹೊಳೆಯುವ ಗೆರೆ ಉಳಿಯುತ್ತದೆ. ಪಾಕ ಸಡಿಲ ಇದ್ದರೆ ಕಾಳು ಉದುರಿ ಸಣ್ಣ ಕಾಲುವೆ ಬೀಳುತ್ತದೆ. ನಮ್ಮ ಕಟಿಂಗ್ ಹುಡುಗರ ದೂರು ಇನ್ನೊಂದು ಥರ. ಈ ಸಡಿಲ ಕಲ್ಲು ಸುಲಭವಾಗಿ ತುಂಡಾಗುತ್ತದೆ, ಆದರೆ ಉದುರುವ ಕಾಳು ಉಪ್ಪುಕಾಗದದ ಹಾಗೆ ಉಜ್ಜಿ ಬ್ಲೇಡನ್ನೇ ತಿಂದುಬಿಡುತ್ತದೆ!

ಮೊಳೆ ಮೇಲುಮೇಲಿನ ಪರೀಕ್ಷೆ. ಅಸಲಿ ಪರೀಕ್ಷೆ ನೀರಿನದು. ಪ್ರತಿ ಲಾಟಿನಿಂದ ಮೂರು ತುಂಡು ತೆಗೆದು ಚೆನ್ನಾಗಿ ಒಣಗಿಸಿ ತೂಗುತ್ತೇವೆ. ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಒರೆಸಿ, ಮತ್ತೆ ತೂಗುತ್ತೇವೆ. ತಡವಾಗುವುದು ಇದಕ್ಕೇ. ಮಂಡ್ಯದ್ದೇ ಲಾಟಿನಲ್ಲಿ ಉಳಿದಿದ್ದ ಒಂದು ತುಂಡು ಒಣಗಿದಾಗ 2,300 ಗ್ರಾಂ ಇತ್ತು, ನೆನೆದ ಮೇಲೆ 2,415. ಅಂದರೆ 5% ನೀರು ಕುಡಿದಿತ್ತು. ಒಳ್ಳೆಯ ಗ್ರಾನೈಟ್ ಅರ್ಧ ಪರ್ಸೆಂಟೂ ಕುಡಿಯುವುದಿಲ್ಲ. ಅಮೆರಿಕದ ಎಎಸ್‌ಟಿಎಂ ಎಂಬ ಸಂಸ್ಥೆಯ ಮಾನದಂಡ ಸಾಮಾನ್ಯ ಮರಳುಗಲ್ಲಿಗೆ 8% ತನಕ ಬಿಡುತ್ತದೆ, ಕ್ವಾರ್ಟ್ಸ್ ಜಾಸ್ತಿ ಇರುವ ಕಲ್ಲಿಗೆ 3%, ಮರಳುಗಲ್ಲೇ ಇನ್ನೂ ಬಿಗಿದು ಗಟ್ಟಿಯಾದ ಕ್ವಾರ್ಟ್ಜೈಟಿಗೆ 1%. ಅದೇ ಮಾನದಂಡದಲ್ಲಿ ಮೊದಲನೆಯದು ಚದರ ಸೆಂಟಿಮೀಟರಿಗೆ ಸುಮಾರು 280 ಕೆಜಿ ಭಾರ ತಡೆದರೆ ಸಾಕು, ಕೊನೆಯದು ಸುಮಾರು 1,400 ಕೆಜಿ ತಡೆಯಬೇಕು. ಒಂದೇ ಕುಟುಂಬದ ಕಲ್ಲುಗಳಲ್ಲಿ ಐದು ಪಟ್ಟು ವ್ಯತ್ಯಾಸ. ಬಣ್ಣದಲ್ಲಿ ಇದು ಕಾಣುತ್ತಾ ಹೇಳಿ?

ಹಾಗಾಗಿ ನಮ್ಮ ಗೆರೆ 3%. ಅದಕ್ಕಿಂತ ಜಾಸ್ತಿ ನೀರು ಕುಡಿಯುವ ಕಲ್ಲನ್ನು ಮೆಟ್ಟಿಲು, ಅಂಗಳ, ಬಟ್ಟೆ ಒಗೆಯುವ ಜಾಗ, ಕಾಂಪೌಂಡಿನ ಬುಡಕ್ಕೆ ಕೊಡುವುದಿಲ್ಲ. ಒಳಗೋಡೆಗೆ, ಸಜ್ಜಾದಡಿಯ ಎಲಿವೇಶನ್‌ಗೆ ಧಾರಾಳವಾಗಿ ಒಯ್ಯಿರಿ. ಲಾಟಿನ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದಿರುತ್ತದೆ, ಬಿಲ್ಲಿನಲ್ಲೂ ಬರುತ್ತದೆ.

"ಬಾದಾಮಿ ಗುಹೆ ನಿಂತಿಲ್ವಾ, ಅದೂ ಮರಳುಗಲ್ಲೇ ಅಲ್ವಾ?" ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ನಿಂತಿದೆ. ಮೂರನೇ ಗುಹೆಯ ಶಾಸನವೇ 578ನೇ ಇಸವಿಯದು. ಆದರೆ ಅದು ಕ್ವಾರ್ಟ್ಸ್ ತುಂಬಿದ ಕಲ್ಲು, ಬೆಟ್ಟವೇ ಅದಕ್ಕೆ ಛಾವಣಿ. ಅಲ್ಲಿ ದಿನಾ ಬೆಳಿಗ್ಗೆ ಬೋರ್‌ವೆಲ್ ನೀರು ಸುರಿದು, ತೊಳೆದು, ರಂಗೋಲಿ ಹಾಕುವವರಿಲ್ಲ. ನಮ್ಮ ಮನೆಗಳಲ್ಲಿ ಇದ್ದಾರೆ, ಇರಲೂಬೇಕು. ಆ ನೀರಿನ ಉಪ್ಪು ಕಲ್ಲಿನ ರಂಧ್ರದಲ್ಲಿ ಹರಳುಗಟ್ಟಿ ಒಳಗಿನಿಂದ ನೂಕುತ್ತದೆ. ಪದರ ಏಳುವುದು ಹಾಗೆ. ಮೇಲೆ ಹೊಳಪಿನ ಕೋಟಿಂಗ್ ಬಳಿದರೆ ನೆಲದಿಂದ ಏರಿದ ನೀರು ಅದರ ಹಿಂದೆ ಸಿಕ್ಕಿಕೊಂಡು ಇನ್ನೂ ಕೆಡುತ್ತದೆ, ಅದನ್ನೂ ನಿಲ್ಲಿಸಿದ್ದೇವೆ.

ಇನ್ನು ಪದರದ ಮಾತು. ಮರಳುಗಲ್ಲು ಚಿರೋಟಿಯ ಹಾಗೆ ಪದರ ಪದರವಾಗಿ ಕೂತಿರುತ್ತದೆ. (ರವೆ ಉಂಡೆ, ಚಿರೋಟಿ, ಎರಡೂ ತಿಂಡಿಯೇ ಆಯಿತು. ಬರೆಯುತ್ತಿರುವುದು ಊಟದ ಹೊತ್ತಿನಲ್ಲಿ.) ಪದರಗಳನ್ನು ಮಟ್ಟಸವಾಗಿಟ್ಟು ಒತ್ತಿದರೆ ತಡೆಯುತ್ತದೆ, ಪದರಗಳನ್ನು ನೆಟ್ಟಗೆ ನಿಲ್ಲಿಸಿದರೆ ಬಿಚ್ಚಿಕೊಳ್ಳುತ್ತದೆ. ಕಂಬಕ್ಕೂ ದಪ್ಪಗೋಡೆಗೂ ಕೊಡುವ ಕಲ್ಲಿನ ಮೇಲೆ ಇನ್ನು ಬಾಣದ ಗುರುತು ಹಾಕುತ್ತೇವೆ. ಬಾಣ ಆಕಾಶ ನೋಡಬೇಕು. ನಿಮ್ಮ ಮೇಸ್ತ್ರಿಗೆ ದಯವಿಟ್ಟು ಹೇಳಿ.

ಸೈಟಿನಲ್ಲಿ ಒಣ ಕಟಿಂಗ್ ಮಾಡುವುದಿಲ್ಲ. ಆ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುತ್ತದೆ, ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ. ನೀರು ಬಿಟ್ಟು ಯಾರ್ಡಿನಲ್ಲೇ ಕತ್ತರಿಸಿ ಕಳಿಸುತ್ತೇವೆ, ಅಳತೆ ಮೊದಲೇ ಸರಿಯಾಗಿ ಕೊಡಿ. ಆಸಿಡ್ ವಾಶ್ ಕೂಡ ಬಂದ್. ಸುಣ್ಣದ ಪಾಕವಿದ್ದರೆ ಆಸಿಡ್ ಅದನ್ನೇ ಕರಗಿಸುತ್ತದೆ. ಅಂದಹಾಗೆ ಕೋಟಾ, ಕಡಪ, ಶಹಾಬಾದ್ ಮೂರೂ ಮರಳುಗಲ್ಲಲ್ಲ, ಸುಣ್ಣದ ಕಲ್ಲು. ಅವಕ್ಕೂ ಆಸಿಡ್ ಬೇಡ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ. ಅವರ ಲಾಟನ್ನೂ ಪರೀಕ್ಷೆ ಮಾಡಿಯೇ ಕಳಿಸುತ್ತೇವೆ. ಗೆರೆ ದಾಟಿದರೆ ಬೇರೆ ಕಲ್ಲು ಆರಿಸಿಕೊಳ್ಳಿ, ಇಲ್ಲವೇ ದುಡ್ಡು ವಾಪಸ್ ತೆಗೆದುಕೊಳ್ಳಿ. ನಮ್ಮಿಂದ ಹಿಂದೆ ಒಯ್ದ ಮೆಟ್ಟಿಲಿನಲ್ಲಿ ಮರಳು ಉದುರುತ್ತಿದ್ದರೆ ಸುಮ್ನೆ ಗುಡಿಸಿ ಬಿಡಬೇಡಿ. ಒಂದು ಫೋಟೋ ಕಳಿಸಿ, ಬಂದು ನೋಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ಇಂತಿ,
ನಿಮ್ಮ ಕಲ್ಲಿನ ಯಾರ್ಡಿನವರು
ಮೈಸೂರು