ಗೆಳೆಯನಿಗೊಂದು ಪತ್ರ: ನಮ್ಮೋರ ಇತಿಹಾಸ ಎಲ್ಲಿ ಬರೆದಿಟ್ಟಿದ್ದಾರೆ ಅಂದ್ಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ನೀನು ಆಡಿದ ಮಾತು ಅವತ್ತಿಂದ ತಲೇಲೇ ಕೂತಿದೆ. ಇತಿಹಾಸ ಅಂದ್ರೆ ರಾಜರದ್ದು ಕಣೋ, ನಮ್ಮಂಥ ಒಕ್ಕಲು ಮನೆಯೋರದ್ದು ಯಾರು ಬರೆದಿಟ್ಟಿದ್ದಾರೆ, ಭಾಷೆ ಅಂದ್ರೆ ಮಾತಾಡೋಕೆ ಒಂದಿದ್ರೆ ಸಾಕು, ಅದಕ್ಕೆ ಯಾಕೆ ಇಷ್ಟು ಒದ್ದಾಡ್ತೀಯ ಅಂದೆ. ನಿಂಗೆ ಮೀಟಿಂಗ್ ಇತ್ತು, ಫೋನ್ ಇಟ್ಬಿಟ್ಟೆ. ಉತ್ತರ ಇಲ್ಲೇ ಬರೀತಿದೀನಿ, ನಮ್ ಕಡೆಯೋರು ನಾಲ್ಕು ಜನ ಓದ್ಲಿ ಅಂತ. ಬೇಜಾರ್ ಮಾಡ್ಕೋಬೇಡ.

ಬರೆದಿಟ್ಟಿದ್ದಾರೆ ಮಾರಾಯ, ಅದೂ ಕನ್ನಡದಲ್ಲೇ, ನಾವು ಆಡಿ ಬೆಳೆದ ಜಾಗದಲ್ಲೇ.

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನಾನೇ ತಗೋ. ಸ್ಕೂಲಲ್ಲಿ ಅದು ನಮಗೆ ಒಂದು ಮಾರ್ಕಿನ ಪ್ರಶ್ನೆ ಅಷ್ಟೇ ಆಗಿತ್ತು, ಕ್ರಿ.ಶ. 450 ಅಂತ ಬರೆದು ಮುಂದೆ ಹೋಗ್ತಿದ್ವಿ, ಅದರೊಳಗೆ ಏನಿದೆ ಅಂತ ಯಾರೂ ಓದಿ ತೋರಿಸ್ಲಿಲ್ಲ. (ಕನ್ನಡದ ಮೊದಲ ಶಾಸನ ಅದೇನಾ, ಶಿಕಾರಿಪುರ ತಾಲ್ಲೂಕಿನ ತಾಳಗುಂದದ್ದಾ ಅನ್ನೋ ಚರ್ಚೆ ಈಗ ನಡೀತಿದೆ, ಅದನ್ನ ವಿದ್ವಾಂಸರಿಗೆ ಬಿಡೋಣ.) 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಕಲ್ಲು ಅದು, 16 ಸಾಲು. ಶುರುವಿಗೆ ವಿಷ್ಣು ಸ್ತುತಿ, ಸಂಸ್ಕೃತದಲ್ಲಿ. ಸ್ತುತಿ ಮುಗಿದು ವಿಷಯಕ್ಕೆ ಬಂದ ಕೂಡ್ಲೇ ಭಾಷೆ ಕನ್ನಡಕ್ಕೆ ತಿರುಗುತ್ತೆ. ವಿಜ ಅರಸ ಅನ್ನೋನು ಯುದ್ಧದಲ್ಲಿ ಪರಾಕ್ರಮ ತೋರಿಸಿದ್ದಕ್ಕೆ ಪಲ್ಮಿಡಿ, ಮೂಳಿವಳ್ಳಿ ಅನ್ನೋ ಊರುಗಳನ್ನ ಕೊಟ್ರು, ಇದನ್ನ ಕೆಡಿಸಿದೋನಿಗೆ ಮಹಾಪಾತಕ ಸುತ್ತಿಕೊಳ್ಳುತ್ತೆ ಅಂತ ಹೇಳುತ್ತೆ. ಕಂಬದ ಒಂದು ಬದೀಲಿ ಗದ್ದೆ ಮೇಲಿನ ತೆರಿಗೆ ಬಿಟ್ಟುಕೊಟ್ಟ ಮಾತೂ ಇದೆ. ಒಂದೂವರೆ ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದೂರಲ್ಲಿ ಕನ್ನಡ ಬರೆದೋರು ಯಾವ ವಿಷಯಕ್ಕೆ ಬರೆದ್ರು ನೋಡು. ಗದ್ದೆ, ತೆರಿಗೆ, ಊರು ಯಾರಿಗೆ ಸೇರಿದ್ದು ಅನ್ನೋದಕ್ಕೆ.

ಇದು ಅದೊಂದೇ ಕಲ್ಲಿನ ಕಥೆ ಆಗಿದ್ರೆ ನಾನು ಇಷ್ಟು ಹೇಳ್ತಿರ್ಲಿಲ್ಲ. ದೇವರ ಸ್ತುತಿ, ರಾಜನ ವಂಶ, ಹೊಗಳಿಕೆ ಎಲ್ಲಾ ಸಂಸ್ಕೃತದಲ್ಲಿದ್ದು, ಕೊಟ್ಟಿದ್ದೇನು, ಅದರ ಎಲ್ಲೆ ಯಾವುದು ಅನ್ನೋ ಭಾಗ ಮಾತ್ರ ಕನ್ನಡದಲ್ಲಿರೋ ಶಾಸನಗಳು ಎಷ್ಟೋ ಇವೆ. ಹೊಯ್ಸಳರ ಕಾಲಕ್ಕೆ ಹೊಗಳಿಕೆನೂ ಕನ್ನಡಕ್ಕೆ ಬಂತು, ಕವಿ ಜನ್ನನೇ ತರೀಕೆರೆ ಹತ್ರದ ಅಮೃತಾಪುರದ ಶಾಸನ ಬರೆದುಕೊಟ್ಟ. ಆದ್ರೆ ಎಲ್ಲೆ ಹೇಳೋ ಭಾಗ ಆಗ್ಲೂ ಸೀದಾಸಾದಾ ಕನ್ನಡವೇ. ಮೂಡಲು ಇಂಥ ಮರ, ತೆಂಕಲು ಕೆರೆ ಕೋಡಿ, ಪಡುವಲು ಹುತ್ತ, ಬಡಗಲು ಇಂಥ ಊರಿನ ದಾರಿ, ಗದ್ದೆ ಇಷ್ಟು ಸಲಗೆ (ಆಗಿನ ಅಳತೆ), ಬೆದ್ದಲು, ಅಂದ್ರೆ ಮಳೆ ನಂಬಿದ ಹೊಲ, ಇಷ್ಟು ಅನ್ನೋ ಧಾಟಿ. ನಿಮ್ಮಪ್ಪನ ಕಬ್ಬಿಣದ ಪೆಟ್ಟಿಗೇಲಿರೋ ಹಳೇ ಕ್ರಯಪತ್ರ ತೆಗೆದು ಚಕ್ಕುಬಂದಿ ಓದು, ಅದೇ ಧಾಟಿ. ಯಾಕೆ ಹಾಗೆ ಅಂದ್ರೆ, ನಾಳೆ ಜಗಳ ಬಂದಾಗ ಅದನ್ನ ಓದಿ ಹೇಳಿದ್ರೆ ಉಳೋನಿಗೆ, ಕೆರೆ ನೀರು ಬಿಡೋನಿಗೆ, ಪಕ್ಕದ ಹೊಲದೋನಿಗೆ ಅರ್ಥ ಆಗ್ಬೇಕಿತ್ತು. ಆ ಮರ ಯಾವ್ದು ಅಂತ ಗೊತ್ತಿದ್ದಿದ್ದು ಅವರಿಗೆ ತಾನೇ, ಅರಮನೆಯೋರಿಗೆ ಏನ್ ಗೊತ್ತು. ನಮ್ಮೋರ ಮಾತು ಕಲ್ಲಿಗೆ ಹತ್ತಿದ್ದು ಹಿಂಗೆ ಅನ್ನೋದು ನನ್ನ ನಂಬಿಕೆ, ಅದಕ್ಕೇ ಭಾಷೆ ಬರೀ ಮಾತಾಡೋಕೆ ಅಂದ್ರೆ ನಂಗೆ ತಡ್ಕೊಳ್ಳೋಕೆ ಆಗಲ್ಲ.

ಊರ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಬಡಿದಾಡಿ ಸತ್ತೋನಿಗೆ ವೀರಗಲ್ಲು ನಿಲ್ಲಿಸಿದ್ರಲ್ಲ, ಅವನು ಯಾವ ರಾಜ ಹೇಳು? ದನ ಕಾಯೋನು, ಊರ ಗೌಡನ ಮಗ, ಅಂಥೋರು. ಕೆಳಗಿನ ಪಟ್ಟಿಕೇಲಿ ಹೊಡೆದಾಟ, ಮಧ್ಯದಲ್ಲಿ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ದೇವರ ಸನ್ನಿಧಿ, ಪಟ್ಟಿಕೆಗಳ ನಡುವೆ ಎರಡು ಸಾಲು ಕನ್ನಡ. ಬೇಲೂರು ದೇವಸ್ಥಾನ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು ಅಂತ ಗೈಡ್‌ಗಳು ಹೇಳ್ತಾರೆ, ಸರಿ, ಆದ್ರೆ ಮದನಿಕೆಯರ ಕಾಲ ಬುಡದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದೋರ ಹೆಸರು, ಊರು, ಬಿರುದು ಇದೆ. ಕೂಲಿಗೆ ಬಂದ ಅಪ್ಪ ಮಗನ ಹೆಸರು ಒಂಬೈನೂರು ವರ್ಷ ಉಳಿದಿದೆ. ಮುಂದಿನ ಸಲ ಮಕ್ಕಳನ್ನ ಕರ್ಕೊಂಡು ಹೋದಾಗ ಅದನ್ನ ತೋರಿಸು.

ಇನ್ನೊಂದು ಹೇಳ್ಲೇಬೇಕು. ಶ್ರವಣಬೆಳಗೊಳದ ಭಂಡಾರಿ ಬಸದೀಲಿ ವಿಜಯನಗರದ ರಾಜ ಬುಕ್ಕರಾಯನ 1368ರ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ, ಜೈನರು ರಾಜನ ಹತ್ರ ದೂರು ಕೊಂಡೊಯ್ದರು. ರಾಜ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಕ್ಕೂ ಭೇದ ಇಲ್ಲ ಅಂದ. ಅಷ್ಟಕ್ಕೇ ನಿಲ್ಲಿಸಿದ್ರೆ ಬರೀ ಒಳ್ಳೇ ಮಾತಾಗ್ತಿತ್ತು, ಲೆಕ್ಕಾನೂ ಬರೆಸಿದ್ದಾರೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ (ಆಗಿನ ನಾಣ್ಯ) ಕೊಡಬೇಕು, ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಆ ದುಡ್ಡಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನೋರನ್ನ ಇಡಬೇಕು, ಉಳಿದಿದ್ರಲ್ಲಿ ಹಾಳು ಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಅಂದ್ರೆ ಬಸದಿ ಕಾಯೋ ಜವಾಬ್ದಾರಿ ಜಗಳ ಆಡಿದೋರ ಕೈಗೇ ಬಂತು. ಹಾಸನದಿಂದ ಒಂದು ಗಂಟೆ ದಾರಿ ಅಷ್ಟೇ, ಬೆಟ್ಟ ಹತ್ತಿ ಗೊಮ್ಮಟನ್ನ ನೋಡಿ ಬರೋ ಎಷ್ಟು ಜನ ಕೆಳಗಿನ ಈ ಬಸದಿ ಕಲ್ಲು ನೋಡಿರ್ತಾರೆ ಹೇಳು. ನಂಗೆ ಇದು ಸಂಕಟದ ವಿಷಯ ಕಣೋ.

ಓದೋಕೆ ಬರಲ್ಲ ಅಂತೀಯ, ನಿಜ, ಲಿಪಿ ಬದಲಾಗಿದೆ, ಱ, ೞ ಅಕ್ಷರ ಎರಡೂ ಬಿಟ್ಟುಹೋಗಿವೆ. ಆದ್ರೆ ಹೊಯ್ಸಳರ ಕಾಲದ ಅಕ್ಷರ ನಮಗೆ ತೀರಾ ದೂರದ್ದಲ್ಲ, ಕೂತು ನೋಡಿದ್ರೆ ಒಂದೊಂದೇ ಗುರ್ತು ಹತ್ತುತ್ತೆ. ಬಿ.ಎಲ್. ರೈಸ್ ಅನ್ನೋ ಪುಣ್ಯಾತ್ಮ ಊರೂರು ಶಾಸನ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳನ್ನ ತಂದ, 1902ರ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೇದು, ಅದರ ಹಿಂದಿನ ವರ್ಷ ಬಂದ ಆರನೇದು ಚಿಕ್ಕಮಗಳೂರಿದು, ಆಗ ಕಡೂರು ಜಿಲ್ಲೆ ಅಂತಿದ್ರು. ತಾಲ್ಲೂಕುವಾರು ನಂಬರ್ ಹಾಕಿ ಊರ ಹೆಸರು ಕೊಟ್ಟಿದ್ದಾರೆ, ಸ್ಕ್ಯಾನ್ ಮಾಡಿದ್ದು ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ, ಇವತ್ತೇ ಡೌನ್‌ಲೋಡ್ ಮಾಡ್ಕೊ.

ಇಷ್ಟೆಲ್ಲಾ ಬರೆಯೋಕೆ ಒಂದು ಕಾರಣನೂ ಇದೆ. ನಿಮ್ಮೂರ ಕೆರೆ ಏರಿ ಮೇಲೆ, ತೂಬಿನ ಹತ್ರ, ಹೆಂಗಸರು ಬಟ್ಟೆ ಒಗೆಯೋಕೆ ಬಳಸ್ತಿದ್ದ ಉದ್ದನೆ ಕಲ್ಲು ನೆನಪಿದ್ಯಾ? ಮೊನ್ನೆ ಸಂಜೆ ಕತ್ತಲಾದ್ಮೇಲೆ ಹೋಗಿ ಟಾರ್ಚನ್ನ ಕಲ್ಲಿನ ಪಕ್ಕಕ್ಕೇ ಹಿಡಿದು ಅಡ್ಡಡ್ಡ ಬೆಳಕು ಬಿಟ್ಟೆ, ಹಗಲಲ್ಲಿ ಸಪಾಟು ಕಾಣೋ ಕಲ್ಲಲ್ಲಿ ಮೇಲೆ ಸೂರ್ಯ ಚಂದ್ರ, ಹಸು ಕರು, ಕೆಳಗೆ ಸಾಲು ಸಾಲು ಅಕ್ಷರ. ಸವೆದಿದೆ, ಸೋಪು ಕೂತಿದೆ, 'ಸ್ವಸ್ತಿ ಶ್ರೀ' ಅನ್ನೋದು, ಕೆಳಗೆಲ್ಲೋ 'ಕೆಱೆ' ಅನ್ನೋದು ನಂಗೇ ಓದೋಕಾಯ್ತು, ಉಳಿದಿದ್ದಕ್ಕೆ ತಿಳಿದೋರು ಬೇಕು. ಆ ಕಲ್ಲನ್ನ ಒಡೆದು ದೇವಸ್ಥಾನದ ಮೆಟ್ಟಿಲಿಗೆ ಹಾಕ್ತಾರಂತೆ, ಜೀರ್ಣೋದ್ಧಾರ ಕಮಿಟಿಯೋರು ಮಾತಾಡ್ಕೊಂಡಿದ್ದಾರೆ. ಅವರಿಗೇನು ಕೆಟ್ಟ ಬುದ್ಧಿ ಇಲ್ಲ, ಗೊತ್ತಿಲ್ಲ ಅಷ್ಟೇ. ನಾನು ಪಕ್ಕದೂರೋನು, ನನ್ನ ಮಾತಿಗೆ ಅಷ್ಟು ತೂಕ ಇಲ್ಲ. ನೀನು ದೊಡ್ಡ ಮೊತ್ತ ಕೊಟ್ಟೋನು, ಭಾನುವಾರದೊಳಗೆ ಒಂದು ಫೋನ್ ಮಾಡು, ಕಲ್ಲು ಒಡೀಬೇಡಿ, ಎಣ್ಣೆ ಬಣ್ಣನೂ ಬಳೀಬೇಡಿ, ದೇವಸ್ಥಾನದ ಪಕ್ಕ ನೆಟ್ಟಗೆ ನಿಲ್ಲಿಸಿ ಅಂತ ಹೇಳು. ಮೆಟ್ಟಿಲಿಗೆ ಬೇರೆ ಚಪ್ಪಡಿ ತರಿಸೋ ಖರ್ಚು ನಾವಿಬ್ಬರೂ ಹಾಕ್ಕೊಳೋಣ. ಕಲ್ಲಿನ ಅಕ್ಷರಾನ ಕಾಗದದ ಮೇಲೆ ಪಡಿಯಚ್ಚು ತೆಗೆಯೋಕೆ ಬರೋರನ್ನ ನಾನು ಹುಡುಕ್ತಿದೀನಿ, ಅವರು ಬರೋ ದಿನ ಗೊತ್ತಾದ ಕೂಡ್ಲೇ ತಿಳಿಸ್ತೀನಿ, ರಜಾ ಹಾಕಿ ಬಾ.

ಇತಿ ನಿನ್ನ ಗೆಳೆಯ